ಹದಿನಾಲ್ಕನೆಯ ಮನೆಯ ಆಕಾಶ

ನಮ್ಮೂರಿನಲ್ಲಿ ಮನೆ ಯಾರದೋ ಮನೆಯ ಮೇಲಿನ ಆಕಾಶವೂ ಅವರದೇ. ಹೊರಗಿನವರಿಗೆ ಇದನ್ನು ಹೇಳಿದರೆ ನಗುತ್ತಾರೆ, ನಗಲಿ. ನಮಗೆ ಅದು ಬಾವಿಯಲ್ಲಿ ನೀರಿದೆ ಎನ್ನುವಷ್ಟೇ ಸಾಮಾನ್ಯ ಸಂಗತಿ. ಮನುಷ್ಯರು ಮಾಡಿದ್ದಾಗಲಿ ಎಸೆದದ್ದಾಗಲಿ, ಮನೆಯವರ ಅಪ್ಪಣೆ ಇಲ್ಲದೆ ಅವರ ಮೇಲೆ ಹಾದುಹೋಗುವಂತಿಲ್ಲ. ಹೋದರೆ ಬೀಳುತ್ತದೆ. ಗಾಳಿಪಟ ಬೀಳುತ್ತದೆ, ಚೆಂಡು ಬೀಳುತ್ತದೆ, ಕವಣೆಯಿಂದ ಬೀಸಿದ ಕಲ್ಲೂ ಬೀಳುತ್ತದೆ. ಹಕ್ಕಿಗೆ, ಮೋಡಕ್ಕೆ ತಕರಾರಿಲ್ಲ. ಒಲೆಯ ಹೊಗೆಯ ವಿಚಾರದಲ್ಲಿ ಮಾತ್ರ ಹಿರಿಯರಲ್ಲಿ ಎರಡು ಪಂಗಡ: ಹೊಗೆ ಮನುಷ್ಯರು ಮಾಡಿದ್ದಲ್ಲ ಎಂದು ಕೆಲವರು, ಮನುಷ್ಯರೇ ಮಾಡಿದ್ದು ಆದರೆ ಅದಕ್ಕೆ ಹೇಳಿದ ಮಾತು ಕೇಳುವ ಬುದ್ಧಿ ಇಲ್ಲ ಎಂದು ಕೆಲವರು. ಈ ಜಗಳ ನಾನು ಹುಟ್ಟುವ ಮೊದಲೇ ಶುರುವಾಗಿತ್ತು, ಈಗಲೂ ಮುಗಿದಿಲ್ಲ.

ಅಪ್ಪಣೆ ಕೇಳುವುದಕ್ಕೂ ಒಂದು ಕ್ರಮ ಇದೆ. ಬೀದಿಯಲ್ಲಿ ನಿಂತು ಕೂಗಿ ಕೇಳಬಾರದು. ಹೊಸ್ತಿಲ ತನಕ ಹೋಗಬೇಕು, ಕೊಟ್ಟ ನೀರು ಕುಡಿಯಬೇಕು, ಮನೆಯವರ ಮಂಡಿನೋವು, ಎಮ್ಮೆಯ ಗಬ್ಬ, ಮಗಳ ಬಾಣಂತನ ಎಲ್ಲವನ್ನೂ ವಿಚಾರಿಸಬೇಕು, ಆಮೇಲೆ ಕೇಳಬೇಕು. ಮನೆ ಯಾರ ಹೆಸರಿನಲ್ಲಿದೆಯೋ ಅವರು ‘ಹೋಗ್ಬಿಟ್ಟು ಬಾ’ ಎಂದರೆ ಆ ದಿನ ಹೊತ್ತು ಮುಳುಗುವ ತನಕ ದಾರಿ ತೆರೆದ ಹಾಗೆ. ಯಜಮಾನ ಪರಸ್ಥಳಕ್ಕೆ ಹೋಗುವುದಾದರೆ ಹೊಸ್ತಿಲ ಮೇಲೆ ನಿಂತು ಅವ್ವನಿಗೋ ಹೆಂಡತಿಗೋ ‘ಮೇಲಿಂದು ನೋಡ್ಕೊ’ ಎಂದು ಹೇಳಿ ಹೋಗುತ್ತಾನೆ. ಅಲ್ಲಿಂದ ಮುಂದೆ ಅವನ ಪರವಾಗಿ ಅವರ ಮಾತು ನಡೆಯುತ್ತದೆ. ಅದೂ ಅವನು ಬದುಕಿರುವ ತನಕ ಮಾತ್ರ. ಅವನು ತೀರಿಕೊಂಡ ಗಳಿಗೆಯಿಂದ ಆ ಆಕಾಶ ಅವನ ಹೆಂಡತಿಯದು. ಇದನ್ನೆಲ್ಲ ಯಾರೂ ಬರೆದಿಟ್ಟಿಲ್ಲ, ಬರೆದಿಡುವ ಅಗತ್ಯವೂ ನಮಗೆ ಬಿದ್ದಿಲ್ಲ.

ಯುದ್ಧ ನಮ್ಮೂರಿಗೆ ಬರಲಿಲ್ಲ. ಅದು ಹೊಳೆಯ ಆಚೆ ಎಲ್ಲೋ ನಡೆಯುತ್ತಿತ್ತು. ನಮ್ಮೂರಿಗೆ ಬಂದದ್ದು ವಿಮಾನಗಳು, ಅವೂ ಗೂಡ್ಸ್ ಗಾಡಿಯಲ್ಲಿ, ರೆಕ್ಕೆ ಒಂದು ಪೆಟ್ಟಿಗೆಯಲ್ಲಿ ಮೈ ಇನ್ನೊಂದು ಪೆಟ್ಟಿಗೆಯಲ್ಲಿ. ಮುಚ್ಚಿಹೋಗಿದ್ದ ಕಡಲೆಕಾಯಿ ಎಣ್ಣೆ ಮಿಲ್ಲಿನೊಳಗೆ ಅವನ್ನು ಜೋಡಿಸುತ್ತಿದ್ದರು. ಜೋಡಿಸಿದ್ದನ್ನು ಯಾರಾದರೂ ಹಾರಿಸಿಕೊಂಡು ಹೋಗಿ ಹೊಳೆದಂಡೆಯ ಬಿಡಾರಕ್ಕೆ ಒಪ್ಪಿಸಬೇಕು. ಅಲ್ಲಿಂದ ಸೈನಿಕರು ಅದನ್ನು ಯುದ್ಧಕ್ಕೆ ಒಯ್ಯುತ್ತಾರೆ. ಈ ಕೆಲಸಕ್ಕೆಂದು ಒಬ್ಬರು ಸಾಹೇಬರು ಆರು ಜನ ಗಂಡಸರನ್ನು ಕರೆದುಕೊಂಡು ಬಂದರು. ಅಪ್ಪಣೆ ಗಿಪ್ಪಣೆ ಏನೂ ಕೇಳದೆ ಹಾರಿದರು. ಮೊದಲನೆಯ ವಿಮಾನ ಕೆಳಗೇರಿಯ ಎರಡನೆಯ ಮನೆಯ ಹುಲ್ಲಿನ ಬಣವೆಯ ಮೇಲೆ ಕೂತಿತು. ಎರಡನೆಯದು ಕೆರೆಗೆ ಇಳಿಯಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

ಆಮೇಲೆ ಸಾಹೇಬರು ಆ ಆರು ಜನರನ್ನು ಮನೆಮನೆಗೆ ಕಳಿಸಿದರು. ಬೂಟು ಹಾಕಿದ ಅಪರಿಚಿತ ಗಂಡಸು ಬಾಗಿಲಲ್ಲಿ ನಿಂತರೆ ಯಾರು ಮಾತಾಡುತ್ತಾರೆ? ಒಳಗಿನಿಂದ ‘ಯಜಮಾನ್ರು ಮನೇಲಿಲ್ಲ’ ಎಂಬ ಧ್ವನಿ ಬರುತ್ತಿತ್ತು, ಬಾಗಿಲು ಮುಚ್ಚುತ್ತಿತ್ತು. ಹಾಗೆ ಒಂದು ತಿಂಗಳು ವಿಮಾನಗಳು ಬಯಲಿನಲ್ಲಿ ನಿಂತು ಧೂಳು ತಿಂದವು. ಅಷ್ಟರಲ್ಲಿ ಆ ಆರು ಜನರಿಗೂ ಯುದ್ಧಕ್ಕೆ ಕರೆ ಬಂತು. ಆಗ ನಮ್ಮ ಶಾಲೆಯ ರೆಬೆಕ್ಕ ಟೀಚರ್ ಛತ್ರಿ ಹಿಡಿದುಕೊಂಡು ಬಯಲಿಗೆ ಹೋಗಿ ಸಾಹೇಬರ ಮುಂದೆ ನಿಂತರು.

“ಸಾಹೇಬ್ರೇ, ಹಾರೋದನ್ನ ಆರು ತಿಂಗಳಲ್ಲಿ ಕಲಿಸಬಹುದು. ಕೇಳೋದನ್ನ ಕಲಿಸೋಕೆ ಹತ್ತು ವರ್ಷ ಬೇಕು. ನಮಗೆ ಕೇಳೋದು ಬರುತ್ತೆ. ಹಾರೋದು ಕಲಿಸಿ,” ಎಂದರು.

ಹಾಗೆ ನಾವು ಎಂಟು ಹೆಂಗಸರು ವಿಮಾನ ಹತ್ತಿದೆವು. ನಾನು ಅಲ್ಲಿಯ ತನಕ ಅಪ್ಪನ ಲಾರಿಯಲ್ಲಿ ಸುಣ್ಣದ ಗೂಡಿನಿಂದ ಸುಣ್ಣ ಸಾಗಿಸುತ್ತಿದ್ದೆ. ಸ್ಟೀರಿಂಗು ಹಿಡಿದ ಕೈ ಎಂದು ನನ್ನನ್ನು ಮೊದಲು ಆರಿಸಿದರು. ಹೆಸರು ಚನ್ನಾಜಮ್ಮ ಎಂದಾಗ ಸಾಹೇಬರಿಗೆ ಅದನ್ನು ಬರೆದುಕೊಳ್ಳುವುದಕ್ಕೆ ಮೂರು ಸಲ ಹೇಳಬೇಕಾಯಿತು. ಅವರು ಒಂದೇ ಒಂದು ಷರತ್ತು ಹಾಕಿದರು: ನಮ್ಮ ಕೈಯಲ್ಲಿ ಒಂದು ವಿಮಾನ ಬಿದ್ದರೂ ಎಂಟು ಜನರೂ ಅದೇ ದಿನ ಮನೆಗೆ. ನಾವು ಒಪ್ಪಿದೆವು. ಸುಣ್ಣದ ಲಾರಿ ಬಂದರೆ ಜನ ಮೂಗು ಮುಚ್ಚಿಕೊಂಡು ಪಕ್ಕಕ್ಕೆ ಸರಿಯುತ್ತಿದ್ದರು. ವಿಮಾನದಲ್ಲಿ ಹೋಗುವಾಗ ಅದೇ ಜನ ತಲೆ ಎತ್ತಿ ನೋಡುತ್ತಿದ್ದರು. ಮೊದಲ ಸಲ ಒಬ್ಬಳೇ ಮೇಲೆ ಹೋದ ದಿನ ನಾನು ಜೋರಾಗಿ ಹಾಡಿದ್ದು ಇಂಜಿನ್ನಿನ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ. ನನಗೆ ಆ ಕೆಲಸ ಬೇಕಾಗಿತ್ತು. ಅಷ್ಟು ಬೇಕು ಅನ್ನಿಸಿದ್ದು ಜೀವನದಲ್ಲಿ ಬೇರೆ ಯಾವುದೂ ಇಲ್ಲ.

ಬಯಲಿನ ಒಂದು ಕಡೆ ಕಲ್ಲುಗಣಿಯ ಗುಡ್ಡ, ಇನ್ನೊಂದು ಕಡೆ ಕೆರೆ, ಅತ್ತ ಕೆಸರಿನಲ್ಲಿ ಗಾಲಿ ಓಡುವುದಿಲ್ಲ. ಗುಡ್ಡದ ಮೇಲೆ ಮನೆಗಳಿಲ್ಲ, ಯಾರನ್ನೂ ಕೇಳಬೇಕಿಲ್ಲ; ಆದರೆ ಅಲ್ಲಿ ಗಾಳಿ ಹೇಗೆಂದರೆ ಹಾಗೆ ತಿರುಗುತ್ತದೆ, ಪೆಟ್ರೋಲು ತುಂಬಿದ ವಿಮಾನಕ್ಕೆ ಆ ದಾರಿ ಒಳ್ಳೆಯದಲ್ಲ. ಉಳಿದದ್ದು ನೇರ ದಾರಿ, ಕೆಳಗೇರಿಯ ಹದಿನಾಲ್ಕು ಮನೆಗಳ ಮೇಲೆ. ಬೆಳಗ್ಗೆ ಎದ್ದು ಯಾರ ಸರದಿಯೋ ಅವರು ಹದಿನಾಲ್ಕೂ ಮನೆಗೆ ಹೋಗಿ ಕೇಳಬೇಕು. ಮೂರನೆಯ ಮನೆಯವರು ಮಗು ಮಲಗಿದ ಮೇಲೆ ಬೇಡ ಎನ್ನುವರು. ಏಳನೆಯ ಮನೆಯ ಗೌಡರ ಹೆಂಡತಿಗೆ ಹೊಳೆದಂಡೆ ಸಂತೆಯಿಂದ ಗಾಜಿನ ಬಳೆ ಬರಬೇಕು, ಅದೂ ಹಸಿರು, ಅದೂ ನಮ್ಮ ಕೈಗೆ ಹಾಕಿ ನೋಡಿದ್ದು. ಹನ್ನೊಂದನೆಯ ಮನೆಯಲ್ಲಿ ಅಕ್ಕತಂಗಿಯರಿಬ್ಬರು ಜಗಳವಾಡಿ ಮಾತು ಬಿಟ್ಟಿದ್ದರಿಂದ ಇಬ್ಬರನ್ನೂ ಬೇರೆ ಬೇರೆ ಬಾಗಿಲಿನಲ್ಲಿ ಕೇಳಬೇಕು. ಹದಿನಾಲ್ಕು ಚೊಂಬು ನೀರು ಕುಡಿದು ವಿಮಾನ ಹತ್ತುವುದು ಎಂಥ ಕಷ್ಟ ಎಂದು ಯಾವ ಸೈನಿಕನಿಗೂ ಗೊತ್ತಿರಲಿಕ್ಕಿಲ್ಲ. ವಿಮಾನ ಒಪ್ಪಿಸಿದ ಮೇಲೆ ಪ್ಯಾರಾಚೂಟಿನ ಗಂಟು ಹೆಗಲಿಗೆ ಹಾಕಿಕೊಂಡು ಬಸ್ಸಿನಲ್ಲಿ ವಾಪಸು. ಬಸ್ಸಿನಲ್ಲಿ ಆ ಗಂಟಿಗೆ ಒರಗಿ ಯಾರಾದರೂ ನಿದ್ದೆ ಹೊಡೆಯುತ್ತಿದ್ದರು.

ಹದಿನಾಲ್ಕನೆಯದು ಹಾಲಮ್ಮಜ್ಜಿಯ ಮನೆ. ಆ ಮನೆಯ ಮೇಲೆ ಹೋಗುವಾಗ ವಿಮಾನ ಇನ್ನೂ ಎರಡು ತೆಂಗಿನಮರದಷ್ಟೇ ಎತ್ತರದಲ್ಲಿರುತ್ತಿತ್ತು. ಮುಂದೆ ಸಾಲುಮರ ಬರುವ ಕಾರಣ ಎಲ್ಲ ಮನೆಗಿಂತ ಅಲ್ಲಿ ನಮಗೆ ಅಪಾಯ ಹೆಚ್ಚು. ಅಲ್ಲಿ ಇಂಜಿನ್ ನಿಂತರೆ ಪ್ಯಾರಾಚೂಟು ಬಿಚ್ಚುವಷ್ಟೂ ಹೊತ್ತಿಲ್ಲ. ಮನೆ ಹಾಲಮ್ಮಜ್ಜಿಯ ಮಗ ಪಾಲಯ್ಯನ ಹೆಸರಿನಲ್ಲಿತ್ತು. ಅವನು ಕಮ್ಮಾರ. ದಂಡಿನಲ್ಲಿ ಬಂದೂಕು ರಿಪೇರಿಗೆ ಕುಲುಮೆ ಕೆಲಸದವರು ಬೇಕೆಂದು ಒಂದು ದಿನ ಜೀಪು ಬಂದು ಬಾಗಿಲಲ್ಲಿ ನಿಂತಿತು. ಅಂಗಿ ಬದಲಾಯಿಸುವುದಕ್ಕೂ ಬಿಡಲಿಲ್ಲ. ಹೊಸ್ತಿಲ ಮೇಲೆ ನಿಂತು ‘ಅವ್ವಾ, ಮೇಲಿಂದು ನೋಡ್ಕೊ’ ಎನ್ನುವುದಕ್ಕೆ ಮಾತ್ರ ಪುರಸೊತ್ತು ಸಿಕ್ಕಿತು. ಅದು ನಾವು ಹಾರುವುದಕ್ಕೆ ಶುರು ಮಾಡುವ ಒಂದು ವರ್ಷ ಮೊದಲಿನ ಮಾತು.

ಅಜ್ಜಿ ಮಾತಿನ ಮಲ್ಲಿ. ನಾನು ಹೊಸ್ತಿಲಿಗೆ ಬಂದರೆ ಸಾಕು, ಶುರು ಮಾಡುತ್ತಿದ್ದಳು. “ಲೇ ಚನ್ನಾಜಿ, ನಿನ್ನ ಇಮಾನ ಹೋದ್ಮೇಲೆ ನಮ್ ಕೋಳಿ ಮೂರು ದಿನ ಮೊಟ್ಟೆ ಇಕ್ಕಲ್ಲ ಕಣೆ. ಇನ್ಮೇಲೆ ನೀನೇ ಇಕ್ಕಿ ಕೊಡು,” ಎನ್ನುವಳು. “ಆಗ್ಲಿ ಅಜ್ಜಿ, ಬುಟ್ಟಿ ತಾ,” ಎಂದು ನಾನೂ ಎನ್ನುವೆ. ಬೆಲ್ಲದ ಚೂರು ಕೈಗಿಟ್ಟು, ನಕ್ಕು, ‘ಹೋಗ್ಬಿಟ್ಟು ಬಾ’ ಎಂದು ಕಳಿಸುತ್ತಿದ್ದಳು.

ಪಾಲಯ್ಯನ ಹೆಂಡತಿ ಓಬಮ್ಮ ಮಾತ್ರ ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹಿತ್ತಿಲ ಕಲ್ಲಿನ ಮೇಲೆ ಕೂತು ಪಾತ್ರೆ ತಿಕ್ಕುತ್ತಿರುತ್ತಿದ್ದಳು. ನಾನು ಬಂದ ಮೇಲೆ ಇನ್ನಷ್ಟು ಜೋರಾಗಿ ತಿಕ್ಕುತ್ತಾಳೆ ಅನ್ನಿಸುತ್ತಿತ್ತು. ಒಮ್ಮೆ “ಅಕ್ಕಾ, ಅಜ್ಜಿ ಎಲ್ಲಿ?” ಎಂದು ಕೇಳಿದ್ದಕ್ಕೆ ಗದ್ದದಲ್ಲೇ ಒಳಗೆ ತೋರಿಸಿದಳು, ಅಷ್ಟೆ. ಅವಳ ಸಿಟ್ಟು ನನಗೆ ಅರ್ಥವಾಗುತ್ತಿತ್ತು. ಅವಳ ಗಂಡನನ್ನು ಎಳೆದುಕೊಂಡು ಹೋದ ಯುದ್ಧಕ್ಕೆ ನಾವು ದಿನವೂ ಅವಳ ತಲೆಯ ಮೇಲೇ ವಿಮಾನ ಒಯ್ಯುತ್ತಿದ್ದೆವು. ಮೇಲಿಂದು ಇವಳ ಕೈಗೆ ಬರದೆ ಅಜ್ಜಿಯ ಕೈಯಲ್ಲಿ ಉಳಿದದ್ದೇ ನಮ್ಮ ಅದೃಷ್ಟ ಎಂದು ನಾವು ಎಂಟೂ ಜನ ಮಾತಾಡಿಕೊಂಡಿದ್ದೆವು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಅದು ಅವರೆಕಾಯಿ ಕಾಲ. ಆ ದಿನ ಬೆಳಗ್ಗೆ ಹಾಲಮ್ಮಜ್ಜಿ ಅಂಗಳದಲ್ಲಿ ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಬಿಡಿಸುತ್ತಿದ್ದಳು. ನೀರು ಕುಡಿದೆ, ಒಂದಷ್ಟು ಕಾಯಿ ಬಿಡಿಸಿಕೊಟ್ಟೆ, ಕೇಳಿದೆ. “ಅಜ್ಜಿ, ಇವತ್ತು ನಿಮ್ ಮೇಲೆ ಹಾಯ್ದು ಹೋಗ್ಲಾ?”

“ಹೋಗ್ಬಿಟ್ಟು ಬಾ. ಬರುವಾಗ ಹೊಳೆದಂಡೇಲಿ ನಮ್ಮ ಪಾಲ ಏನಾರ ಕಂಡ್ರೆ, ನಿಮ್ಮವ್ವ ಅವರೆಕಾಳು ಹುಳಿ ಮಾಡವ್ಳೆ ಅಂತ ಹೇಳು. ಓಡಿ ಬತ್ತಾನೆ,” ಎಂದಳು. ಓಬಮ್ಮ ಹಿತ್ತಿಲಲ್ಲಿ ಬೂದಿ ಹಾಕಿ ತಪ್ಪಲೆ ತಿಕ್ಕುತ್ತಿದ್ದಳು.

ಎಂಟು ಗಂಟೆಗೆ ಮೇಲೆದ್ದೆ. ಪೆಟ್ರೋಲು ತುಂಬಿದ ಭಾರದ ವಿಮಾನ, ಒಂದೊಂದೇ ಮನೆಯ ಮೇಲೆ ನಿಧಾನಕ್ಕೆ ಏರುತ್ತಿತ್ತು. ಹನ್ನೊಂದು ದಾಟಿತು, ಹನ್ನೆರಡು ದಾಟಿತು, ಹದಿಮೂರು ದಾಟಿತು. ಹದಿನಾಲ್ಕನೆಯ ಮನೆಯ ಮಾಳಿಗೆಯ ಅಂಚಿಗೆ ಬಂದದ್ದೇ ಇಂಜಿನ್ ನಿಂತಿತು. ಕೆಮ್ಮಲಿಲ್ಲ, ನಡುಗಲಿಲ್ಲ. ಯಾರೋ ಒಲೆಗೆ ನೀರು ಸುರಿದ ಹಾಗೆ ತಣ್ಣಗಾಯಿತು. ಕೈ ತನ್ನಷ್ಟಕ್ಕೆ ಪೆಟ್ರೋಲಿನ ಕೀಲಿಗೆ ಹೋಯಿತು; ಅದು ಸರಿಯಾಗಿತ್ತು. ಎಲ್ಲವೂ ಸರಿಯಾಗಿತ್ತು. ವಿಮಾನ ಇಳಿಯತೊಡಗಿತು.

ಕೆಳಗೆ ಅಂಗಳ ಬಾವಿಯ ತಳದ ಹಾಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಹಾಲಮ್ಮಜ್ಜಿ ಮೊರ ಚೆಲ್ಲಿ ಎದ್ದು ನಿಂತು ಎರಡೂ ಕೈ ಎತ್ತಿದ್ದಳು. ಬಾಯಿ ಆಡುತ್ತಿತ್ತು. ಹೋಗು, ಹೋಗು ಎನ್ನುತ್ತಿದ್ದಾಳೆ ಎಂದು ಮೇಲಿನಿಂದಲೇ ಗೊತ್ತಾಯಿತು. ವಿಮಾನ ಇಳಿಯುತ್ತಲೇ ಇತ್ತು. ಅಜ್ಜಿ ಮತ್ತೊಮ್ಮೆ ಕೂಗಿದಳು. ಆಮೇಲೆ ಎತ್ತಿದ ಕೈ ಎತ್ತಿದಲ್ಲೇ ಬಿಟ್ಟು, ನಿಧಾನವಾಗಿ ಸೊಸೆಯ ಕಡೆ ತಿರುಗಿದಳು.

ನನಗೂ ಆಗಲೇ ಗೊತ್ತಾಯಿತು. ಅಜ್ಜಿಯ ಮಾತು ನಡೆಯುತ್ತಿಲ್ಲ. ಅಂದರೆ ಪಾಲಯ್ಯ ಇಲ್ಲ. ನಾನು ಕೇಳಿದಾಗ ಇದ್ದ, ಹಾರಿದಾಗ ಇರಲಿಲ್ಲ. ಆ ಆಕಾಶ ಈಗ ಓಬಮ್ಮನದು. ನನ್ನನ್ನು ಒಮ್ಮೆಯೂ ಮುಖ ಎತ್ತಿ ನೋಡದ ಹೆಂಗಸಿನ ಕೈಯಲ್ಲಿ ನನ್ನ ಜೀವ ಇತ್ತು. ಅವಳಿಗೆ ಇದ್ದ ಸಮಯ ಒಂದು ತೆಂಗಿನಮರದ ಎತ್ತರದಷ್ಟು. ಅಷ್ಟರಲ್ಲೇ ತಾನು ವಿಧವೆಯಾದದ್ದೂ ಅವಳಿಗೆ ತಿಳಿಯಬೇಕಿತ್ತು.

ಓಬಮ್ಮ ತಲೆ ಎತ್ತಿ ನನ್ನನ್ನು ನೋಡಿದಳು. ವಿಮಾನವನ್ನಲ್ಲ, ನನ್ನನ್ನು. ಅವಳ ಮುಖ ಹೇಗಿತ್ತು ಎಂದು ಜನ ಇವತ್ತಿಗೂ ಕೇಳುತ್ತಾರೆ, ನಾನು ಹೇಳುವುದಿಲ್ಲ. ಬೂದಿ ಮೆತ್ತಿದ ಬಲಗೈ ಎತ್ತಿದಳು. ತುಟಿ ಅಲ್ಲಾಡಿತು. ಇಂಜಿನ್ ಒಂದೇ ಸಲಕ್ಕೆ ಹತ್ತಿಕೊಂಡಿತು. ವಿಮಾನ ಏರಿಸುವ ಕೋಲನ್ನು ಹೊಟ್ಟೆಗೆ ಒತ್ತುವ ಹಾಗೆ ಎಳೆದೆ. ಗಾಲಿ ಅವರ ಹಿತ್ತಿಲ ನುಗ್ಗೆಮರದ ತಲೆಯನ್ನು ಮುರಿದುಕೊಂಡು ಸಾಲುಮರದ ಮೇಲೆ ಹೋಯಿತು.

ಹೊಳೆದಂಡೆಯ ತನಕ ಅಳುತ್ತಲೇ ಹೋದೆ. ವಿಮಾನ ಒಪ್ಪಿಸಿಕೊಂಡ ಸೈನಿಕ ಗಾಲಿಗೆ ಸಿಕ್ಕಿದ್ದ ನುಗ್ಗೆಸೊಪ್ಪು ನೋಡಿ “ಅಡಿಗೆಗೆ ತಂದ್ರಾ?” ಎಂದು ತಮಾಷೆ ಮಾಡಿದ. ನಾನು ಸಹಿ ಹಾಕಿ ಬಸ್ಸು ಹತ್ತಿದೆ. ಮಧ್ಯಾಹ್ನ ಊರಿಗೆ ಬಂದವಳು ನೇರ ಹದಿನಾಲ್ಕನೆಯ ಮನೆಗೆ ಹೋದೆ. ಅಂಗಳದಲ್ಲಿ ಅವರೆಕಾಳು ಚೆಲ್ಲಿದ ಹಾಗೇ ಬಿದ್ದಿತ್ತು. ನೆರೆಯ ಹೆಂಗಸರು ಬಂದು ಕೂತಿದ್ದರು. ಅಜ್ಜಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಓಬಮ್ಮ ಆರಿಹೋದ ಕುಲುಮೆಯ ಪಕ್ಕ ತಿದಿಯ ಮೇಲೆ ಕೈಯಿಟ್ಟು ಕೂತಿದ್ದಳು. ನಾನು ಬಾಗಿಲ ಬಳಿ ಕೂತೆ. ಏನು ಹೇಳುವುದು? ಉಪಕಾರವಾಯಿತು ಎಂದು ಬಾಯಿಬಿಟ್ಟು ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಇದ್ದಿದ್ದರೂ ಗಂಡ ಸತ್ತ ದಿನ ಒಬ್ಬಳ ಮುಂದೆ ಕೂತು, ನೀನು ನನ್ನ ಜೀವ ಉಳಿಸಿದೆ ಎನ್ನುವುದು ಹೇಗೆ? ಹೊತ್ತು ಇಳಿಯುವ ತನಕ ಕೂತಿದ್ದು ಎದ್ದು ಬಂದೆ.

ಮಾರನೆಯ ದಿನ ನಾನು ಉಳಿದ ಏಳು ಜನಕ್ಕೂ ಹೇಳಿದೆ. ಇನ್ನು ಆ ಮನೆಗೆ ಹೋಗಿ ಅವರನ್ನು ಗೋಳು ಹೊಯ್ದುಕೊಳ್ಳುವುದು ಬೇಡ, ಗುಡ್ಡದ ಕಡೆಯಿಂದಲೇ ಹೋಗೋಣ ಎಂದೆ. ಎಲ್ಲರೂ ಒಪ್ಪಿದರು. ನಮ್ಮ ಲೆಕ್ಕಕ್ಕೆ ಅದೇ ಮರ್ಯಾದೆ. ಗುಡ್ಡದ ಗಾಳಿಗೆ ಮರ್ಯಾದೆ ಎಲ್ಲಿ ಗೊತ್ತು? ವಿಮಾನವನ್ನು ಹಿಡಿದು ಅಲುಗಾಡಿಸಿ ಬಿಡುತ್ತಿತ್ತು. ರೆಬೆಕ್ಕ ಟೀಚರ್ ಒಂದು ದಿನ ರೆಕ್ಕೆಯ ತುದಿ ಬಂಡೆಗೆ ತಾಗಿಸಿಕೊಂಡು ಹೇಗೋ ಪಾರಾಗಿ ಬಂದರು. ನಾವು ಹಲ್ಲು ಕಚ್ಚಿಕೊಂಡು ಹಾಗೇ ಹೋಗುತ್ತಿದ್ದೆವು. ಐದನೆಯ ದಿನ ಪಾಲಯ್ಯ ತೀರಿಕೊಂಡ ಸುದ್ದಿಯ ತಂತಿ ಬಂತು. ಅದನ್ನು ಬಿಡಿಸಿ ನೋಡುವ ಅಗತ್ಯ ಯಾರಿಗೂ ಇರಲಿಲ್ಲ. ಆಮೇಲೆ ನೋಡಿದಾಗ ತಾರೀಖೂ ಅದೇ ಇತ್ತು, ಹೊತ್ತೂ ಅದೇ ಇತ್ತು.

ಒಂಬತ್ತನೆಯ ದಿನ ಬೆಳಗ್ಗೆ ನಾನು ವಿಮಾನದ ಗಾಲಿಗೆ ಇಟ್ಟಿದ್ದ ಕಲ್ಲು ತೆಗೆಯುತ್ತಿದ್ದಾಗ ಬಯಲಿನ ಆ ತುದಿಯಿಂದ ಒಬ್ಬ ಹೆಂಗಸು ನಡೆದು ಬರುವುದು ಕಂಡಿತು. ಸೆರಗು ಹೊದ್ದು, ಯಾರನ್ನೂ ಲಕ್ಷ್ಯಕ್ಕೆ ತಾರದೆ, ನೇರ ನನ್ನ ಕಡೆಗೇ ಬಂದಳು. ಓಬಮ್ಮ.

“ಯಾಕೆ ಮನೆ ಕಡೆ ಬರ್ತಿಲ್ಲ?” ಎಂದಳು. ಅವಳ ಧ್ವನಿ ನಾನು ಸರಿಯಾಗಿ ಕೇಳಿದ್ದು ಅದೇ ಮೊದಲು.

“ಇಂಥ ಹೊತ್ನಲ್ಲಿ ನಿಮಗೆ ತೊಂದ್ರೆ ಕೊಡೋದು ಬೇಡ ಅಂತ ಅಕ್ಕಾ...”

“ಆ ಗುಡ್ಡದ ಮೇಲೆ ಓಲಾಡ್ಕಂಡು ಹೋಗೋದು ನಮ್ಮ ಅಂಗಳಕ್ಕೆ ಕಾಣಲ್ಲ ಅನ್ಕಂಡ್ಯಾ? ಅಲ್ಲಿ ಬಿದ್ದು ಸತ್ರೆ ಅವತ್ತು ನಾನು ಕೈ ಎತ್ತಿದ್ದು ದಂಡ.”

ನಾನು ತಲೆ ತಗ್ಗಿಸಿದೆ. ಎಂಟು ದಿನದಿಂದ ಕೇಳಬೇಕೆಂದಿದ್ದ ಮಾತು ಹೊರಗೆ ಬಂತು. “ಅಕ್ಕಾ, ನಿಮಗೆ ನಮ್ಮನ್ನ ಕಂಡ್ರೆ ಆಗಲ್ಲ ಅಂತ ಗೊತ್ತು. ಅಂಥ ಗಳಿಗೇಲಿ ಯಾಕೆ ಕೈ ಎತ್ತಿದ್ರಿ?”

ಓಬಮ್ಮ ವಿಮಾನದ ರೆಕ್ಕೆಯನ್ನು ಒಮ್ಮೆ ನೋಡಿದಳು. ಕಮ್ಮಾರನ ಹೆಂಡತಿ, ಬೆಸುಗೆಯ ಸಾಲಿನ ಮೇಲೆ ಬೆರಳು ಆಡಿಸಿದಳು. “ಇದನ್ನ ಕಂಡ್ರೆ ಆಗಲ್ಲ. ಇವತ್ತಿಗೂ ಆಗಲ್ಲ,” ಎಂದಳು. “ಜೀಪು ಬಂತಲ್ಲ, ಅವತ್ತು ಯಾರೂ ನನ್ನ ಕೇಳಲಿಲ್ಲ. ಅತ್ತೇನ ಕೇಳಲಿಲ್ಲ. ಬರ್ತೀಯೇನಪ್ಪ ಅಂತ ಅವ್ರನ್ನೂ ಕೇಳಲಿಲ್ಲ. ಇಷ್ಟು ದೊಡ್ಡ ಯುದ್ಧದಾಗೆ ನಮ್ ಹೊಸ್ತಿಲಿಗೆ ಬಂದು, ನೀರು ಕುಡಿದು, ಹೋಗ್ಲಾ ಅಂತ ಕೇಳಿದೋರು ನೀವು ಎಂಟೇ ಜನ. ದಿನಾ ಕೇಳ್ತಿದ್ರಿ. ನಾನು ಪಾತ್ರೆ ತಿಕ್ತಾ ಕೇಳಿಸ್ಕಂತಿದ್ದೆ.”

ಕಣ್ಣು ತುಂಬಿ ಬಂತು.

“ಅಳ್ಬೇಡ. ಈಗ ಮೇಲಿಂದು ನಂದು. ಬಂದು ನನ್ನ ಕೇಳು,” ಎಂದಳು.

“ಇಲ್ಲೇ ಕೇಳ್ಲಾ?”

“ಬಯಲಾಗೆ ನಿಂತು ಕೇಳ್ತಾರಾ? ಮನೆಗೆ ಬಾ.”

ಅವಳು ಮುಂದೆ, ನಾನು ಹಿಂದೆ. ಹೊಸ್ತಿಲಲ್ಲಿ ನಿಲ್ಲಿಸಿ ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದಳು. ಕುಡಿದೆ. ಅಜ್ಜಿ ಹೇಗಿದ್ದಾಳೆ ಎಂದು ವಿಚಾರಿಸಿದೆ. ಎರಡು ಗುಟುಕು ಗಂಜಿ ಕುಡಿದಳು ಎಂದಳು. ಆಮೇಲೆ ಕೇಳಿದೆ. “ಓಬಮ್ಮಕ್ಕಾ, ಇವತ್ತು ನಿಮ್ ಮೇಲೆ ಹಾಯ್ದು ಹೋಗ್ಲಾ?”

ಅವಳು ಹೊರಗೆ ಬಂದು ಮೇಲೆ ನೋಡಿದಳು. ತನ್ನ ಮಾಳಿಗೆಯಿಂದ ಮುರಿದ ನುಗ್ಗೆಮರದ ತನಕ, ಅಲ್ಲಿಂದ ಮತ್ತೆ ಮಾಳಿಗೆಯ ತನಕ ನೋಡಿದಳು.

“ಇವತ್ತು ಬೇಡ,” ಎಂದಳು. “ನಾಡಿದ್ದು ಹನ್ನೊಂದನೇ ದಿನ. ಅದು ಮುಗಿಯೋ ತನಕ ನಮ್ ಮೇಲೆ ಏನೂ ಹೋಗೋದು ಬೇಡ. ಗುಡ್ಡದ ಮೇಲೂ ಬೇಡ. ಆಚೆ ನಾಡಿದ್ದು ಬಂದು ಕೇಳು.”

“ಆಗ್ಲಕ್ಕಾ,” ಎಂದೆ. ಅಪ್ಪಣೆ ಸಿಗದೆ ಬಯಲಿಗೆ ವಾಪಸಾಗುವಾಗ ನನಗೆ ಆದಷ್ಟು ಸಂತೋಷ ಅಪ್ಪಣೆ ಸಿಕ್ಕ ಯಾವ ದಿನವೂ ಆಗಿರಲಿಲ್ಲ. ಬೇಡ ಎನ್ನುವುದಕ್ಕೆ ಆಗದಿದ್ದರೆ ನಾವು ಕೇಳಿದ್ದಕ್ಕೆ ಏನು ಅರ್ಥ?

ಸಾಹೇಬರಿಗೆ ಈ ತತ್ವ ಹಿಡಿಸಲಿಲ್ಲ. ಆ ಮೂರು ದಿನದಲ್ಲಿ ನಾಲ್ಕು ವಿಮಾನ ಹೊಳೆದಂಡೆಗೆ ಹೋಗಬೇಕಿತ್ತು. “ಗುಡ್ಡದ ಕಡೆಯಿಂದ ಹೋಗಿ. ಇಲ್ಲವಾದರೆ ಎಂಟೂ ಜನ ಮನೆಗೆ ಹೋಗಿ,” ಎಂದು ಮೇಜು ಕುಟ್ಟಿದರು. ಸುಣ್ಣದ ಲಾರಿ ಕಣ್ಣಮುಂದೆ ಬಂತು. ಆದರೂ ಕೈಗವಸು ಬಿಚ್ಚಿ ಮೇಜಿನ ಮೇಲಿಟ್ಟೆ. ರೆಬೆಕ್ಕ ಟೀಚರ್ ತಮ್ಮದನ್ನು ಅದರ ಪಕ್ಕದಲ್ಲಿ ನೀಟಾಗಿ ಜೋಡಿಸಿಟ್ಟರು. ಉಳಿದವರೂ ಇಟ್ಟರು. “ಅಪ್ಪಣೆ ಆಗಿಲ್ಲ ಸಾಹೇಬ್ರೇ,” ಎಂದರು ಟೀಚರ್, ಶಾಲೆಯಲ್ಲಿ ಹಾಜರಿ ಹೇಳುವ ಧ್ವನಿಯಲ್ಲಿ. “ಬೇಕಾದ್ರೆ ನೀವೇ ಹೋಗಿ ಕೇಳಿ.”

ಸಾಹೇಬರು ನಿಜವಾಗಿ ಎದ್ದು ಹೊರಟರು. ನಾವು ಎಂಟು ಜನ ಬೀದಿಯ ಮೂಲೆಯಲ್ಲಿ ನಿಂತು ನೋಡಿದೆವು. ಅವರು ಹದಿನಾಲ್ಕನೆಯ ಮನೆಯ ಮುಂದೆ ಬೀದಿಯಲ್ಲೇ ನಿಂತು, ಗಂಟಲು ಸರಿಮಾಡಿಕೊಂಡು “ಯಾರಿದ್ದೀರಿ ಒಳಗೆ?” ಎಂದು ಕೂಗಿದರು. ಒಳಗಿನಿಂದ, ಎಂಟು ದಿನ ಒಂದು ಮಾತೂ ಆಡದೆ ಮಲಗಿದ್ದ ಹಾಲಮ್ಮಜ್ಜಿಯ ಧ್ವನಿ ಬಂತು. “ಯಾವನಪ್ಪ ಅದು ಬೀದೀಲಿ ನಿಂತು ಅರಚೋನು? ಮನುಷ್ಯ ಆದ್ರೆ ಬೂಟು ಬಿಚ್ಚಿ ಒಳಕ್ಕೆ ಬಾ.”

ಸಾಹೇಬರು ಬಗ್ಗಿ ಬೂಟು ಬಿಚ್ಚಿದರು. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಹೋದರು. ಒಂದು ಗಂಟೆ ಹೊರಗೆ ಬರಲಿಲ್ಲ. ಏನು ಮಾತಾಯಿತು ಎಂದು ಅವರೂ ಹೇಳಲಿಲ್ಲ, ಆ ಮನೆಯವರೂ ಹೇಳಲಿಲ್ಲ. ಬಂದವರು ಯಾರ ಮುಖವನ್ನೂ ನೋಡದೆ, “ಮೂರು ದಿನ ಇಂಜಿನ್ ರಿಪೇರಿ ಎಂದು ಬರೆದುಕೊಳ್ಳಿ,” ಎಂದರು. ನಮ್ಮ ಕೈಗವಸುಗಳನ್ನು ತಾವೇ ಎತ್ತಿ ಒಬ್ಬೊಬ್ಬರಿಗೂ ಕೊಟ್ಟರು. ಒಂದೆರಡು ಅದಲುಬದಲಾದವು, ನಾವು ಆಮೇಲೆ ಬದಲಾಯಿಸಿಕೊಂಡೆವು. ಆ ಮನುಷ್ಯನ ಬಗ್ಗೆಯೂ ನನಗೆ ಕೃತಜ್ಞತೆ ಇದೆ, ಇಲ್ಲವೆಂದರೆ ಸುಳ್ಳಾಗುತ್ತದೆ.

ಹನ್ನೊಂದನೆಯ ದಿನದ ಕಾರ್ಯಕ್ಕೆ ನಾವು ಎಂಟೂ ಜನ ಹೋಗಿ ನೀರು ಸೇದಿದೆವು, ಎಲೆ ಹಾಕಿದೆವು, ಬಡಿಸಿದೆವು. ಮೂರು ದಿನ ಕೆಳಗೇರಿಯ ಮೇಲೆ ಕಾಗೆ, ಗಿಣಿ ಬಿಟ್ಟರೆ ಏನೂ ಹಾರಲಿಲ್ಲ. ಹನ್ನೆರಡನೆಯ ದಿನ ಬೆಳಗ್ಗೆ ನಾನು ಹದಿಮೂರು ಮನೆ ಮುಗಿಸಿ ಅಲ್ಲಿಗೆ ಹೋದಾಗ ಓಬಮ್ಮ ನೀರಿನ ಚೊಂಬು ಹಿಡಿದು ಹೊಸ್ತಿಲಲ್ಲೇ ನಿಂತಿದ್ದಳು. ಕುಡಿದೆ. ಕೇಳಿದೆ.

“ಹೋಗ್ಬಿಟ್ಟು ಬಾ,” ಎಂದಳು.

ನಾನು ಹೊರಡಲಿಲ್ಲ. ಪದ್ಧತಿ ಇಲ್ಲದಿದ್ದರೆ ಇಲ್ಲ, ಹೇಳಿಯೇ ಬಿಡೋಣ ಎಂದು ಅವಳ ಎರಡೂ ಕೈ ಹಿಡಿದುಕೊಂಡು, “ಅಕ್ಕಾ, ನೀವು ಮಾಡಿದ ಉಪಕಾರ ನಾನು ಸಾಯೋ ತನಕ ಮರೆಯಲ್ಲ,” ಎಂದೆ.

ಓಬಮ್ಮ ಕೈ ಬಿಡಿಸಿಕೊಂಡು ಖಾಲಿ ಚೊಂಬು ತೆಗೆದುಕೊಂಡಳು. “ಅದೆಲ್ಲ ಇರ್ಲಿ. ನಾಳೆನೂ ಬಂದು ಕೇಳು,” ಎಂದಳು.

ಯುದ್ಧ ಇನ್ನೂ ಒಂದೂವರೆ ವರ್ಷ ನಡೆಯಿತು. ಅದು ಮುಗಿದ ವಾರವೇ ನಮ್ಮ ಎಂಟೂ ಜನರನ್ನು ಮನೆಗೆ ಕಳಿಸಿದರು, ನಾನು ಮತ್ತೆ ಸುಣ್ಣದ ಲಾರಿ ಹತ್ತಿದೆ. ಅಲ್ಲಿಯ ತನಕ ನಾವು ಒಂದು ದಿನವೂ ತಪ್ಪಿಸದೆ ಹೋಗಿ ಅವಳನ್ನು ಕೇಳಿದೆವು. ಒಂಬತ್ತು ಸಲ ಬೇಡ ಎಂದಳು. ಯಾಕೆಂದು ನಾವು ಕೇಳಲಿಲ್ಲ. ಆ ಒಂಬತ್ತು ದಿನವೂ ನಮ್ಮೂರಿನಿಂದ ಒಂದು ವಿಮಾನವೂ ಮೇಲೇಳಲಿಲ್ಲ.